ಬಿಳಿ ಗುಳಿಗೆ ಮುಗಿದ ಏಳು ದಿನ

ಮಗಳಿಗೆ ಮೂರು ತುಂಬಿದ ವರ್ಷ ನಾನು ಕುಷ್ಟಗಿಯಿಂದ ಹೊರಡುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಕೆಲಸಕ್ಕೆ ಸೇರಿ ವರ್ಷವಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಬೆಳಗಿನ ಬಸ್ಸು ಯಲಬುರ್ಗಾ ಮೇಲೆ ಹಾದು ಕೊಪ್ಪಳಕ್ಕೆ ಹೋಗಿ ಮಧ್ಯಾಹ್ನ ತಿರುಗಿ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸಿನೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಟಿಕೆಟ್ ಮಷಿನ್ನನ್ನು ಎದೆಗೆ ಅವುಚಿಕೊಂಡು, ಎರಡೂ ಕಡೆಯ ಭುಜಗಳ ನಡುವೆ ಮೈ ತೂರಿಸಿ ಮುಂದೆ ಹೋಗಬೇಕು. ಆ ನೂಕುನುಗ್ಗಲಿನಲ್ಲಿ ಬಸುರಿಯಾಗಿ ನಿಂತಿರುವುದನ್ನು ನೆನೆಸಿಕೊಂಡರೆ ನನಗೆ ಮೈ ಬೆವರುತ್ತಿತ್ತು.

ಅಂಜಿಕೆಗೆ ಅದಕ್ಕಿಂತ ದೊಡ್ಡ ಕಾರಣವೂ ಇತ್ತು. ಮಗಳನ್ನು ಹೆತ್ತಾಗ ರಕ್ತಸ್ರಾವ ನಿಂತಿರಲಿಲ್ಲ. ನನ್ನ ಗಂಡ ಕೊಪ್ಪಳದಲ್ಲಿ ರಕ್ತಕ್ಕಾಗಿ ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಓಡಾಡಿದ್ದರಂತೆ. ನನಗೆ ಆ ದಿನದ್ದೇನೂ ನೆನಪಿಲ್ಲ. ನೆನಪಿರುವುದು ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ ಮಾತು ಮಾತ್ರ: ಮೈಯಲ್ಲಿ ರಕ್ತ ತುಂಬಿಕೊಳ್ಳುವವರೆಗೆ, ಕಡಿಮೆ ಅಂದರೂ ನಾಲ್ಕು ವರ್ಷ, ಇನ್ನೊಂದು ಕೂಸಿನ ಮಾತು ಬೇಡ.

ಮಗಳು ಮೊಲೆ ಬಿಟ್ಟ ಮೇಲೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಸುರಾಗದಂತೆ ತಡೆಯುವ ಗುಳಿಗೆ ತಂದುಕೊಡಲು ಶುರು ಮಾಡಿದಳು. ಒಂದು ಪ್ಯಾಕೆಟ್ಟಿನಲ್ಲಿ ಇಪ್ಪತ್ತೊಂದು ಬಿಳಿ ಗುಳಿಗೆ, ಕೊನೆಯ ಸಾಲಿನಲ್ಲಿ ಏಳು ಕಂದು ಗುಳಿಗೆ. ಮೊದಲ ದಿನ ಆಕೆ ಬಾಗಿಲಲ್ಲೇ ನಿಂತು, "ದಿನಾ ಒಂದು ನುಂಗು. ಮೊದಲ ಬಿಳೀವು, ಆಮ್ಯಾಲೆ ಕಂದು. ಮರೀಬ್ಯಾಡ ನೋಡು," ಅಂದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನಮ್ಮ ಅತ್ತೆ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಆಕೆ ಮಾತು ಅಲ್ಲಿಗೇ ನಿಲ್ಲಿಸಿ ಹೊರಟುಬಿಟ್ಟಳು. ಅದು ರಕ್ತ ಹೆಚ್ಚಿಸುವ ಗುಳಿಗೆ ಎಂದು ಅತ್ತೆ ತಿಳಿದುಕೊಂಡರು, ನಾನೂ ಹೌದೆಂದೆ. ಗಂಡನಿಗೆ ಮಾತ್ರ ನಿಜ ಗೊತ್ತಿತ್ತು.

ಹಾಗೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಕೆಡಿಸಿದ್ದು ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಕೇಳಿದ ಒಂದು ಮಾತು. ನನಗಿಂತ ಹತ್ತು ವರ್ಷ ಹಿರಿಯ ಕಂಡಕ್ಟರ್ ಒಬ್ಬಾಕೆ ಇದ್ದರು, ನಾನು ಅಕ್ಕ ಎನ್ನುತ್ತಿದ್ದೆ. ಒಂದು ದಿನ ರೊಟ್ಟಿ ಬುತ್ತಿ ಬಿಚ್ಚಿ ಕೂತಾಗ, ನಾನು ಊಟದ ಮೇಲೆ ಕಂದು ಗುಳಿಗೆ ನುಂಗುವುದನ್ನು ನೋಡಿ ನಕ್ಕರು.

"ಅದ್ಯಾಕ ನುಂಗ್ತೀಯವಾ? ಅದರಾಗ ಏನೂ ಇಲ್ಲ. ಬರೇ ಕಬ್ಬಿಣದ ಗುಳಿಗಿ ಅದು."

"ಏನೂ ಇಲ್ಲಂದ್ರ? ಈ ಏಳು ದಿನಾ ಏನೂ ತಗೊಳ್ಳದಂಗ ಆತಲ್ಲ ಅಕ್ಕಾ?"

"ಮತ್ತ! ಅದಕ್ಕ ನಮ್ಮ ತಂಗಿ ಬಸುರಾದಳು. ದಿನಾ ತಪ್ಪದಂಗ ನುಂಗಾಕಿ. ಒಂದು ಪಾಕೀಟು ಮುಗಿದು ಇನ್ನೊಂದು ಹಚ್ಚೂದರಾಗ ಆಗಿಹೋತು. ಆ ವಾರ ಗಂಡನ ಬಾಜೂಕ ಹೋಗಬ್ಯಾಡ, ತಿಳೀತಿಲ್ಲೋ?"

ಬುತ್ತಿ ಕಟ್ಟುತ್ತ ಲೆಕ್ಕ ಹಾಕಿದೆ. ಒಂದು ವರ್ಷದಲ್ಲಿ ಅಂಥ ಎಷ್ಟು ವಾರಗಳು ಕಳೆದಿದ್ದವು! ಏನೂ ಆಗಿರಲಿಲ್ಲ, ನಿಜ. ಆದರೆ ಆಗದೇ ಉಳಿದದ್ದು ನನ್ನ ಅದೃಷ್ಟ ಎಂದು ಆ ಕ್ಷಣಕ್ಕೆ ಅನಿಸಿತು, ಅದೃಷ್ಟದ ಮೇಲೆ ನನಗೆ ನಂಬಿಕೆ ಇರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಬಹುದಿತ್ತು. ಆದರೆ ಆಕೆ ಬರುವ ಹೊತ್ತಿಗೆ ನಾನು ಬಸ್ಸಿನಲ್ಲಿ ಇರುತ್ತಿದ್ದೆ. ಪ್ಯಾಕೆಟ್ಟನ್ನು ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದಳು.

ಅಂದಿನಿಂದ ನನ್ನ ತಿಂಗಳು ಎರಡು ತುಂಡಾಯಿತು. ಮೂರು ವಾರ ನಾನು ನಾನಾಗಿರುತ್ತಿದ್ದೆ. ಕೊನೆಯ ಬಿಳಿ ಗುಳಿಗೆ ನುಂಗಿದ ಮರುದಿನ ಬೆಳಗ್ಗೆಯಿಂದಲೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಂಡ ನೀರಿನ ತಂಬಿಗೆ ಕೊಡುವಾಗ ಬೆರಳು ತಾಗಿದರೂ ಹಿಂದೆ ಸರಿಯುತ್ತಿದ್ದೆ. ಒಂದು ತಿಂಗಳು ತಲೆನೋವು ಅಂದೆ, ಮುಂದಿನ ತಿಂಗಳು ಮಗಳಿಗೆ ನೆಗಡಿ ಎಂದು ಅತ್ತೆಯ ಕೋಣೆಯಲ್ಲಿ ಹಾಸಿಕೊಂಡೆ. ಕಂದು ಗುಳಿಗೆ ನುಂಗುವುದನ್ನೂ ಬಿಟ್ಟೆ. ಬಿಳಿ ಗುಳಿಗೆ ಮುಗಿದ ದಿನವೇ ಆ ಸಾಲನ್ನು ಕತ್ತರಿಯಿಂದ ಕತ್ತರಿಸಿ ಒಲೆಯ ಬೂದಿಯಲ್ಲಿ ಹುಗಿಯುತ್ತಿದ್ದೆ. ಕೆಲಸಕ್ಕೆ ಬಾರದ್ದನ್ನು ನುಂಗಿ ಸುಮ್ಮನೆ ಮೋಸಹೋದೆನಲ್ಲ ಎಂದು ಸಿಟ್ಟು ಬರುತ್ತಿತ್ತು.

ನೆಪಗಳು ಮುಗಿದ ಮೇಲೆ ಇನ್ನೊಂದು ದಾರಿ ಕಾಣಿಸಿತು. ಸಂಜೆ ಕುಷ್ಟಗಿ ಬಿಟ್ಟು ಕನಕಗಿರಿ ಮೇಲೆ ಗಂಗಾವತಿಗೆ ಹೋಗುವ ಬಸ್ಸೊಂದಿತ್ತು. ಅದು ಅಲ್ಲಿಯೇ ತಂಗಿ ಬೆಳಗ್ಗೆ ತಿರುಗಿ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಆ ಡ್ಯೂಟಿ ಕೊಡುತ್ತಿರಲಿಲ್ಲ. ಆದರೆ ಗಂಗಾವತಿ ನನ್ನ ತವರು. ಅವ್ವನ ಮನೆ ಬಸ್ ನಿಲ್ದಾಣದಿಂದ ಹತ್ತು ಹೆಜ್ಜೆ. ತಿಂಗಳಿಗೆ ಒಂದು ವಾರ ಆ ಡ್ಯೂಟಿ ನಾನೇ ಮಾಡುತ್ತೇನೆ, ಅವ್ವನಿಗೆ ಆರಾಮಿಲ್ಲ ಎಂದು ಬರೆದುಕೊಟ್ಟೆ. ಆ ಬಸ್ಸಿನ ಕಂಡಕ್ಟರ್ ಖುಷಿಯಿಂದ ಒಪ್ಪಿಕೊಂಡ.

ಹಾಗೆ ಕಂದು ಗುಳಿಗೆಯ ವಾರ ಬಂತೆಂದರೆ ನಾನು ಗಂಗಾವತಿಗೆ ಓಡುತ್ತಿದ್ದೆ. ಹಗಲು ಹನುಮಸಾಗರದ ಟ್ರಿಪ್ಪು ಮಾಡಿ, ನಡುವೆ ಅರ್ಧ ತಾಸು ಮನೆಗೆ ಹೋಗಿ ಉಂಡು ಬರುತ್ತಿದ್ದೆ. ಮಗಳು ನನ್ನ ಖಾಕಿ ಅಂಗಿಯ ತುದಿ ಹಿಡಿದುಕೊಂಡು, "ಇವತ್ತೂ ಗಂಗಾವತಿ ಆಯಿ ಮನೀಗೆ ಹೋಕ್ಕೀಯೇನು? ನನ್ನೂ ಕರಕೊಂಡು ಹೋಗು," ಅನ್ನುತ್ತಿದ್ದಳು. ನಾನು ಅವಳ ಬೆರಳು ಒಂದೊಂದೇ ಬಿಡಿಸಿ ಹೊರಡುತ್ತಿದ್ದೆ.

ಮೂರನೆಯ ತಿಂಗಳು ಅವ್ವ ತಡೆಯಲಾರದೆ ಕೇಳಿಯೇಬಿಟ್ಟಳು. ಅಕ್ಕಿ ಆರಿಸುತ್ತ ಕೂತಿದ್ದಳು, ಮೊರವನ್ನು ಕೆಳಗಿಟ್ಟಳು.

"ಅಳಿಯಂದ್ರ ಜೋಡಿ ಜಗಳಾ ಆಡಿದೇನವಾ?"

"ಇಲ್ಲಬೇ. ಡ್ಯೂಟಿ ಹಾಕ್ಯಾರ."

"ತಿಂಗಳಾ ತಿಂಗಳಾ ಅದೇ ವಾರಕ್ಕ ಹಾಕ್ತಾರೇನು? ನನಗ ಆರಾಮಿಲ್ಲಂತ ಹೇಳೀದಿಯಂತ. ನಿಮ್ಮ ಡ್ರೈವರ್ ಕೇಳಿದ, ಮುದುಕಿ ಹ್ಯಾಂಗ ಅದಾಳಂತ. ನಾ ಗಟ್ಟಿಮುಟ್ಟ ಅದೀನಿ!"

ನಾನು ಮೊರ ಎತ್ತಿಕೊಂಡು ಅಕ್ಕಿ ಆರಿಸತೊಡಗಿದೆ. ಅವ್ವ ನಾಲ್ಕು ಹೆತ್ತವಳು. ಅವಳ ಕಾಲದಲ್ಲಿ ಇಂಥ ಮಾತು ತಾಯಿ ಮಗಳ ನಡುವೆ ಬರುತ್ತಿರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ.

ಕುಷ್ಟಗಿಯಲ್ಲಿ ಗಂಡನೂ ಬದಲಾಗುತ್ತಿದ್ದರು. ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಅವರದು. ಮೊದಲು ನನ್ನ ಬಸ್ಸು ಬರುವ ಹೊತ್ತಿಗೆ ಅಂಗಡಿಯಿಂದ ಎದ್ದು ಬಂದು ನಿಲ್ದಾಣದ ಎದುರು ನಿಲ್ಲುತ್ತಿದ್ದರು, ಇಬ್ಬರೂ ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವು. ಈಗ ಬರುವುದನ್ನು ನಿಲ್ಲಿಸಿದರು. ಕೇಳಿದರೆ, "ಕೆಲಸ ಭಾಳ ಅದಾವ," ಅನ್ನುತ್ತಿದ್ದರು. ಒಳ್ಳೆಯ ಮೂರು ವಾರಗಳಲ್ಲೂ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರು ಮಾಡಿದ್ದರು. ಕಾರಣ ಕೇಳಲು ನನಗೆ ಬಾಯಿ ಇರಲಿಲ್ಲ, ಏಕೆಂದರೆ ಮೊದಲು ಸರಿದವಳು ನಾನು.

ಆ ವರ್ಷ ಜೋಳ ಬಿತ್ತುವ ಹೊತ್ತಿನ ತಿಂಗಳು ಎಲ್ಲ ತಪ್ಪಿತು. ಕೊನೆಯ ಬಿಳಿ ಗುಳಿಗೆಯನ್ನು ಗುರುವಾರ ನುಂಗಿದೆ. ಶುಕ್ರವಾರ ಗಂಗಾವತಿ ಡ್ಯೂಟಿ ಹಿಡಿದೆ. ಎಂದಿನಂತೆ ಮೂರ್ನಾಲ್ಕು ದಿನಕ್ಕೆ ಮುಟ್ಟು ಬಂತು, ನಿಂತಿತು. ವಾರ ಮುಗಿದು ನಾನು ನನ್ನ ಕೊಪ್ಪಳದ ಬಸ್ಸಿಗೆ ಮರಳಬೇಕು ಅನ್ನುವಾಗ ಆ ಗಂಗಾವತಿ ಕಂಡಕ್ಟರ್ ಜ್ವರ ಬಂದು ಮಲಗಿದ. "ಇನ್ನ ಮೂರು ದಿನಾ ನೀವ ಮಾಡ್ರಿ, ಹೆಂಗೂ ನಿಮಗ ತವರುಮನಿ ಐತಿ," ಅಂದರು ಡಿಪೋದಲ್ಲಿ. ಮಾಡಿದೆ.

ಹೊಸ ಪ್ಯಾಕೆಟ್ಟು ಮನೆಯಲ್ಲಿ ಸೀರೆಗಳ ಅಡಿಯಲ್ಲಿ ಇತ್ತು. ಮಧ್ಯಾಹ್ನ ಉಣ್ಣಲು ಹೋದಾಗ ತೆಗೆದು ಒಂದು ನುಂಗುವುದು ಎರಡು ನಿಮಿಷದ ಕೆಲಸ. ಕಪಾಟಿನ ಬಾಗಿಲು ತೆರೆದೂ ಇದ್ದೆ. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಇನ್ನೂ ಮೂರು ದಿನ ಗಂಡನ ಹತ್ತಿರವೇ ಇರುವುದಿಲ್ಲ, ಗುಳಿಗೆ ಯಾತಕ್ಕೆ? ಮೂರು ಗುಳಿಗೆ ಉಳಿದ ಹಾಗಾಯಿತು. ಮನೆಗೆ ಬಂದ ದಿನ ಶುರು ಮಾಡಿದರಾಯಿತು. ಆಗ ಅದು ನನಗೆ ಭಾರಿ ಜಾಣತನದ ಲೆಕ್ಕವಾಗಿ ತೋರಿತು.

ಸೋಮವಾರ ಗಂಗಾವತಿಯಿಂದ ಬಂದವಳೇ ಮೊದಲ ಬಿಳಿ ಗುಳಿಗೆ ನುಂಗಿದೆ. ಹತ್ತು ದಿನ ದೂರ ಇದ್ದು ಬಂದಿದ್ದೆ. ಗಂಡನ ಮೌನಕ್ಕೂ ನನ್ನ ತಪ್ಪಿತಸ್ಥ ಭಾವಕ್ಕೂ ಏನಾದರೂ ಒಂದು ಕೊನೆ ಬೇಕಿತ್ತು. ಗೋಡೆಯ ಕಡೆ ತಿರುಗಿದವರ ಭುಜದ ಮೇಲೆ ನಾನೇ ಕೈಯಿಟ್ಟೆ. ಆ ಮೊದಲ ಎರಡು ದಿನ ನಾವು ಬಹಳ ದಿನದ ಮೇಲೆ ಗಂಡ ಹೆಂಡತಿಯ ಹಾಗೆ ಇದ್ದೆವು. ಬಿಳಿ ಗುಳಿಗೆ ಶುರುವಾಗಿದೆ ಎನ್ನುವ ಧೈರ್ಯ ನನಗೆ ತುಂಬಿತ್ತು. ಅವರು ಮತ್ತೆ ನಿಲ್ದಾಣದ ಎದುರು ಬಂದು ನಿಂತರು, ಚಹಾ ಕುಡಿಸಿದರು.

ಮುಂದಿನ ವಾರದ ಮಂಗಳವಾರ. ಕೊಪ್ಪಳಕ್ಕೆ ಹೊರಟಿದ್ದೆವು. ನನ್ನ ಬಸ್ಸಿಗೆ ದಿನವೂ ಕುಷ್ಟಗಿಯಲ್ಲಿ ಹತ್ತುವ ಒಬ್ಬ ನರ್ಸ್ ಇದ್ದರು, ಐವತ್ತು ದಾಟಿದ ಮುಸ್ಲಿಂ ಹೆಂಗಸು. ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನಲ್ಲಿ ಕೆಲಸ. ಡ್ರೈವರನ ಹಿಂದಿನ ಮೂರನೆಯ ಸೀಟು ಅವರದು. ವರ್ಷದಿಂದ ಅವರ ಆಧಾರ್ ಕಾರ್ಡು ನೋಡಿ ಟಿಕೆಟ್ ಹರಿದುಕೊಟ್ಟಿದ್ದೆ, ಒಂದು ದಿನವೂ ಮಾತಾಡಿಸಿರಲಿಲ್ಲ. ಯಲಬುರ್ಗಾದಲ್ಲಿ ಹತ್ತಿದ ಹೊಸ ಮದುಮಗಳೊಬ್ಬಳು ಅವತ್ತು ಅವರ ಪಕ್ಕ ಕೂತಳು. ಪರಿಚಯದವಳಿರಬೇಕು, ತಲೆ ತಗ್ಗಿಸಿ ಏನೋ ಪಿಸುಗುಟ್ಟಿ ಕೇಳುತ್ತಿದ್ದಳು. ನಾನು ಅವರ ಹಿಂದಿನ ಸೀಟಿಗೆ ಟಿಕೆಟ್ ಕೊಡುತ್ತಿದ್ದೆ.

"ನಡುವಿನ ಏಳು ದಿನಕ್ಕ ಅಂಜಬ್ಯಾಡ ಬೇಟಿ," ಅಂದರು ನರ್ಸ್. "ಆ ಏಳು ದಿನಾ ನಿನಗೇನೂ ಆಗಂಗಿಲ್ಲ. ಆದ್ರ ಎಂಟನೇ ದಿನಾ ಹೊಸಾ ಪಾಕೀಟು ಹಚ್ಚಬೇಕು. ಊರಿಗೆ ಹೋಗೀನಿ, ಗಂಡ ಇಲ್ಲ, ನಾಳಿಗೆ ಹಚ್ಚಿದ್ರಾತು, ಹಿಂಗೆಲ್ಲ ಮಾಡಬ್ಯಾಡ. ಅಲ್ಲೇ ಎಲ್ಲಾರೂ ಜಾರತಾರ."

ನನ್ನ ಬೆರಳು ಮಷಿನ್ನಿನ ಮೇಲೆ ನಿಂತುಬಿಟ್ಟಿತು. "ಏ ಯವ್ವಾ, ಚೀಟಿ ಕೊಡಬೇ," ಎಂದು ಮುದುಕಿಯೊಬ್ಬಳು ನನ್ನ ತೋಳು ಜಗ್ಗಿದಳು. ಎಲ್ಲಿಗೆ ಅಂದಳೋ ತಿಳಿಯದೆ ಬೇರೆ ಊರಿಗೆ ಹರಿದುಕೊಟ್ಟೆ, ಮತ್ತೆ ಬೈಸಿಕೊಂಡು ಸರಿ ಮಾಡಿದೆ. ಎಂಟನೆಯ ದಿನ. ನಾನು ಹನ್ನೊಂದನೆಯ ದಿನ ಶುರು ಮಾಡಿದ್ದೆ. ಬೆರಳು ಮಡಚಿ ಮತ್ತೆ ಮತ್ತೆ ಎಣಿಸಿದೆ. ಪ್ರತಿ ಸಲವೂ ಹನ್ನೊಂದೇ ಬಂತು.

ಕೊಪ್ಪಳ ಮುಟ್ಟಲು ಇನ್ನೂ ಒಂದು ತಾಸು ಇತ್ತು. ಆ ಒಂದು ತಾಸಿನಷ್ಟು ಉದ್ದದ ಹಾದಿಯನ್ನು ನಾನು ನೋಡಿಲ್ಲ. ಪ್ರತಿ ಹಳ್ಳಿಯಲ್ಲಿ ಸೀಟಿ ಊದಿ ನಿಲ್ಲಿಸಬೇಕು, ಹತ್ತಿಸಬೇಕು, ಇಳಿಸಬೇಕು. ನರ್ಸಿನ ತಲೆಯನ್ನೇ ನೋಡುತ್ತಿದ್ದೆ. ಅವರು ಆರಾಮಾಗಿ ನಿದ್ದೆ ಹೋಗಿದ್ದರು.

ಕೊಪ್ಪಳ ನಿಲ್ದಾಣದಲ್ಲಿ ಎಲ್ಲರೂ ಇಳಿಯುವಾಗ ನಾನು ಬಾಗಿಲಲ್ಲಿ ಕೈ ಅಡ್ಡ ಹಿಡಿದೆ.

"ಸಿಸ್ಟರ್, ಐದು ನಿಮಿಷ ಕೂಡ್ರಿ. ಒಂದು ಮಾತು ಕೇಳೂದೈತ್ರಿ."

ಅವರು ನನ್ನ ಮುಖ ನೋಡಿ, ಏನೂ ಕೇಳದೆ ಹಿಂದಿನ ಸೀಟಿಗೆ ಹೋಗಿ ಕೂತರು. ಡ್ರೈವರ್ ಚಹಾಕ್ಕೆ ಇಳಿದ. ಖಾಲಿ ಬಸ್ಸಿನಲ್ಲಿ ನಾನು ಎಲ್ಲವನ್ನೂ ಹೇಳಿದೆ: ಅಕ್ಕನ ಮಾತು, ಕತ್ತರಿಸಿ ಒಗೆದ ಗುಳಿಗೆ, ಗಂಗಾವತಿ ಡ್ಯೂಟಿ, ಉಳಿಸಿದ ಮೂರು ಗುಳಿಗೆ. ಹೇಳುತ್ತ ಹೇಳುತ್ತ ನನ್ನ ದನಿ ಏರುತ್ತಿತ್ತು. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಮೆಲ್ಲಕ ಹೇಳು. ಹಂಗಾದ್ರ ಆ ಏಳು ದಿನಾ ಅಂಜಿ ತವರುಮನೀಗೆ ಓಡಿಹೋಗ್ತಿದ್ದಿ?"

"ಹೌದ್ರಿ. ಅದರಾಗ ಏನೂ ಇರಂಗಿಲ್ಲಂತಲ್ಲರೀ."

"ಕಂದು ಗುಳಿಗ್ಯಾಗ ಇಲ್ಲ, ಖರೆ. ಆದ್ರ ಅದರ ಹಿಂದ ಇಪ್ಪತ್ತೊಂದು ಬಿಳೀವು ನುಂಗೀದಿಲ್ಲ? ಅವುಗಳ ಕೆಲಸ ಏನು ಗೊತ್ತನು? ಗರ್ಭಚೀಲದ ಎರಡೂ ಬಾಜೂಕ ಅಂಡ ಬಿಡೂ ಗಡ್ಡಿ ಇರತಾವ. ಬಿಳಿ ಗುಳಿಗಿ ಅವನ್ನ ಮಲಗಸತೈತಿ. ತಪ್ಪದಂಗ ಮೂರು ವಾರ ನುಂಗಿದ್ರ ಅವು ಗಾಢ ನಿದ್ದಿ ಹೋಗಿರತಾವ. ಏಳು ದಿನಾ ಬಿಟ್ರೂ ಏಳಂಗಿಲ್ಲ. ಅಂಡನ ಬರಲಿಲ್ಲಂದ್ರ ಬಸುರು ಎಲ್ಲಿಂದ ಆಗಬೇಕು? ಎಂಟನೇ ದಿನಾ ಮತ್ತ ಬಿಳೀದು ನುಂಗಿದಿ ಅಂದ್ರ ಮತ್ತ ಮಲಗಿದ್ವು. ಆದ್ರ ಏಳರ ಮ್ಯಾಲೆ ಒಂದೆರಡು, ಮೂರು ದಿನಾ ಹೆಚ್ಚು ಬಿಟ್ರ ಕಣ್ಣು ಬಿಡಾಕ ಶುರು ಮಾಡತಾವ."

"ನಾ ಹತ್ತು ದಿನಾ ಬಿಟ್ಟೀನ್ರಿ."

"ಮತ್ತ ಹಚ್ಚಿದ ಮ್ಯಾಲೆ ಗಂಡನ ಜೋಡಿ ಇದ್ದಿ?"

ನಾನು ತಲೆಯಾಡಿಸಿದೆ.

"ಅಲ್ಲೇ ತಪ್ಪಾತು ನೋಡು. ಹೊತ್ತು ಮೀರಿ ಹಚ್ಚಿದ್ರ ಮೊದಲ ಏಳು ಬಿಳಿ ಗುಳಿಗಿ ನುಂಗೂತನಕ ಆ ಗುಳಿಗಿ ಮ್ಯಾಲೆ ಭರೋಸಾ ಇಡಬಾರದು. ನಿರೋಧ್ ಹಾಕಬೇಕಾಗಿತ್ತು." ಅವರು ಹೇಳಿದರು, "ಅಂಜಬಾರದ ದಿನಾ ಅಂಜಿದಿ, ಅಂಜೂ ದಿನಾ ಅಂಜಲಿಲ್ಲ. ಉಲ್ಟಾ ಮಾಡೀದಿ ಬೇಟಿ."

ತುರ್ತಿನ ಗುಳಿಗೆ ಇದೆಯಲ್ಲ ಅಂದೆ. ಅದನ್ನು ಕೂಡಿದ ಮೂರು ದಿನದೊಳಗೆ, ಬಹಳವೆಂದರೆ ಐದು ದಿನದೊಳಗೆ ನುಂಗಬೇಕು ಅಂದರು. ಅದಾಗಿ ಏಳೆಂಟು ದಿನ ಕಳೆದಿತ್ತು. ಹಚ್ಚಿದ ಪ್ಯಾಕೆಟ್ಟು ನಿಲ್ಲಿಸಬಾರದು, ದಿನವೂ ನುಂಗುತ್ತ ಹೋಗಬೇಕು ಅಂದರು. ಈಗ ಏಳು ಬಿಳಿ ಗುಳಿಗೆ ದಾಟಿದ್ದರಿಂದ ಇನ್ನು ಮುಂದಿನ ದಿನಗಳಿಗೆ ಭಯವಿಲ್ಲ. ಇರುವ ಭಯ ಆ ಮೊದಲ ದಿನಗಳದ್ದು ಮಾತ್ರ. ಕೊನೆಯ ವಾರದಲ್ಲಿ ಮುಟ್ಟು ಬಾರದಿದ್ದರೆ ಪರೀಕ್ಷೆ ಮಾಡಬೇಕು. ನನ್ನ ವಾರದ ರಜೆಯ ದಿನ ಅವರೇ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಬಿಪಿ ನೋಡಿದರು, ತಲೆಶೂಲೆ ಬರುತ್ತದೆಯೇ ಎಂದು ಕೇಳಿದರು, ರಕ್ತ ಪರೀಕ್ಷೆ ಬರೆದರು, ನರ್ಸ್ ಹೇಳಿದ್ದನ್ನೇ ಹೇಳಿದರು. ನಾನು ಒಂದೇ ಪ್ರಶ್ನೆ ಕೇಳಿದೆ: ಒಂದು ವೇಳೆ ಆಗಿದ್ದರೆ, ನಾನು ನುಂಗುತ್ತಿರುವ ಗುಳಿಗೆಯಿಂದ ಕೂಸಿಗೆ ಏನಾದರೂ ಆಗುತ್ತದೆಯೇ? ಇಲ್ಲ, ಅದಕ್ಕೆ ಅಂಜಬೇಡ ಅಂದರು. ಹೊರಗೆ ಬಂದಾಗ ನರ್ಸ್ ಕೇಳಿದರು, "ಗಂಡಗ ಹೇಳೀದೇನು?" ಇಲ್ಲ ಅಂದೆ. "ಹೇಳು. ಇದು ಒಬ್ಬಾಕಿ ಹೊರೂ ಮಾತಲ್ಲ."

ಎರಡು ದಿನ ಹೇಳಲಾಗಲಿಲ್ಲ. ಬಸ್ಸಿನಲ್ಲಿ ಡೀಸೆಲ್ ವಾಸನೆಗೆ ಹೊಟ್ಟೆ ತೊಳಸಿದರೆ ಇದು ಅದೇ ಅನಿಸುತ್ತಿತ್ತು. ಮರುಗಳಿಗೆಯಲ್ಲಿ ಹಸಿವಾದರೆ ಇಲ್ಲ, ಆಗಿಲ್ಲ ಅನಿಸುತ್ತಿತ್ತು. ಮನೆಯಲ್ಲಿ ಒಂದು ಕೆಲಸ ಹಿಡಿದು ಇನ್ನೊಂದಕ್ಕೆ ಹೋಗುತ್ತಿದ್ದೆ. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿತು. "ಯಾಕವಾ ಬೆಕ್ಕಿನಂಗ ತಿರಗಾಡಾಕತ್ತೀದಿ? ಕೂಡ್ರು ಒಂದು ಕಡೆ," ಎಂದು ಅತ್ತೆ ರೇಗಿದರು. ಕೂತರೆ ಕಾಲು ತಾನಾಗಿಯೇ ಅಲುಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಗಂಡನ ಅಂಗಡಿಗೇ ಹೋದೆ. ಕರೆಂಟು ಹೋಗಿತ್ತು. ಅವರು ಬಾಗಿಲಿನ ಬೆಳಕಿಗೆ ಕೂತು ಸುಟ್ಟ ಮೋಟಾರಿನಿಂದ ಹಳೆಯ ತಂತಿ ಬಿಚ್ಚುತ್ತಿದ್ದರು. ನಾನು ಅಲ್ಲಿಗೆ ಹೋಗುವುದು ಅಪರೂಪ. ಗಾಬರಿಯಿಂದ ಎದ್ದರು.

"ಕೂಸಿಗೇನಾತು?"

"ಏನೂ ಆಗಿಲ್ಲರಿ. ನೀವು ಕೂಡ್ರಿ."

ಡ್ರಮ್ಮೊಂದರ ಮೇಲೆ ಕೂತು ಹೇಳಿದೆ. ಈ ಸಲ ಮೆಲ್ಲಗೆ, ಮೊದಲಿನಿಂದ ಹೇಳಿದೆ. ಅವರು ಕೈಯಲ್ಲಿನ ತಂತಿ ಬಿಡಲಿಲ್ಲ, ಬಿಚ್ಚುವುದನ್ನು ಮಾತ್ರ ನಿಲ್ಲಿಸಿದರು.

"ಅದಕ್ಕ ಗಂಗಾವತಿಗೆ ಹೋಗ್ತಿದ್ದಿ?"

"ಹ್ಞೂಂರಿ."

"ನಾ ಒಂದಿನಾ ಬಂದಿದ್ದೆ."

"ಎಲ್ಲಿಗೆ?"

"ಗಂಗಾವತಿಗೆ. ನಸುಕಿನ್ಯಾಗ ಗಾಡಿ ತಗೊಂಡು ಬಂದು ಬಸ್‌ಸ್ಟ್ಯಾಂಡ್ ಎದರೀಗೆ ಚಾದಂಗಡ್ಯಾಗ ಕುಂತಿದ್ದೆ. ನೀ ಯಾರ ಜೋಡಿ ಬರತೀ ಅಂತ ನೋಡಾಕ." ತಂತಿಯನ್ನು ಬೆರಳಿಗೆ ಸುತ್ತಿಕೊಂಡರು. "ನಿಮ್ಮವ್ವ ಬುತ್ತಿಗಂಟು ಹಿಡಕೊಂಡು ನಿನ್ನ ಕಳಸಾಕ ಬಂದಿದ್ಲು. ನೋಡಿದೆ, ಹಂಗ ತಿರಿಗಿ ಬಂದೆ. ಹಾದಿ ತುಂಬಾ ನನ್ನ ಮ್ಯಾಲೆ ನನಗ ಹೇಸಿಗಿ ಬಂತು. ಆದ್ರೂ ಮತ್ತ ಮುಂದಿನ ತಿಂಗಳ ನೀ ಹೋದಾಗ ಅದೇ ಹುಳಾ ತಲ್ಯಾಗ ಹೊಕ್ಕಿತು."

ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ನನ್ನ ಮೇಲೆ ಅನುಮಾನ ಪಟ್ಟು ಎಪ್ಪತ್ತು ಕಿಲೋಮೀಟರ್ ಕತ್ತಲಲ್ಲಿ ಬಂದವನು! ಎದ್ದು ಹೋಗಬೇಕೆನಿಸಿತು. ಆದರೆ ಆರು ತಿಂಗಳು ಕಾರಣ ಹೇಳದೆ ಓಡಿಹೋದವಳೂ ನಾನೇ. ಎದ್ದವಳು ಬಾಗಿಲ ತನಕ ಹೋಗಿ ತಿರುಗಿ ಬಂದು ಅದೇ ಡ್ರಮ್ಮಿನ ಮೇಲೆ ಕೂತೆ.

"ಒಂದು ಮಾತು ಕೇಳಿದ್ರ ನಾ ಹೇಳ್ತಿದ್ದೆನಲ್ಲರೀ."

"ನೀ ಒಂದು ಮಾತು ಹೇಳಿದ್ರ ನಾ ತಿಳಕೊಂತಿದ್ದೆ."

ಆಮೇಲೆ ಅವರು ಕೇಳಿದರು, ಆಗಿದ್ದರೆ ಏನು ಮಾಡುವುದು? ಗೊತ್ತಿಲ್ಲ ಅಂದೆ. ಅವರು ಎಣ್ಣೆ ಹತ್ತಿದ ಕೈಯನ್ನು ಚಿಂದಿಯಿಂದ ಒರೆಸಿ ಒರೆಸಿ ಕೆಂಪು ಮಾಡಿಕೊಂಡರು. "ನೀ ಏನಂತೀ ಅದು. ಆದ್ರ ಆಸ್ಪತ್ರಿಗೆ ನೀ ಒಬ್ಬಾಕಿ ಹೋಗಬ್ಯಾಡ. ಆ ದಿನಾ ರಕ್ತಕ್ಕ ತಿರಿಗ್ಯಾಡಿದ್ದು ಇನ್ನೂ ನನ್ನ ಕಾಲಿನ್ಯಾಗೈತಿ," ಅಂದರು.

ಉಳಿದ ದಿನಗಳನ್ನು ಇಬ್ಬರೂ ಸೇರಿ ಕಾದೆವು. ಇಬ್ಬರು ಕಾದರೆ ಹೊತ್ತು ಬೇಗ ಹೋಗುತ್ತದೆ ಎನ್ನುವುದು ಸುಳ್ಳು. ಈಗ ಮನೆಯಲ್ಲಿ ಇಬ್ಬರು ಚಡಪಡಿಸುತ್ತಿದ್ದೆವು, ಅಷ್ಟೇ. ಈ ಸಲ ಕಂದು ಗುಳಿಗೆಯ ಸಾಲನ್ನು ಕತ್ತರಿಸಿರಲಿಲ್ಲ. ಅವು ರಕ್ತಕ್ಕೂ ಒಳ್ಳೆಯವು, ದಿನದ ಲೆಕ್ಕವೂ ತಪ್ಪುವುದಿಲ್ಲ, ಅದಕ್ಕೇ ಇಟ್ಟಿರುತ್ತಾರೆ ಎಂದು ನರ್ಸ್ ಹೇಳಿದ್ದರು. ಒಂದು ನುಂಗಿದೆ, ಎರಡು ನುಂಗಿದೆ. ಸಾಮಾನ್ಯವಾಗಿ ಮೂರನೆಯ ದಿನ, ತಪ್ಪಿದರೆ ನಾಲ್ಕನೆಯ ದಿನ ಮುಟ್ಟು ಬರುತ್ತಿತ್ತು. ನಾಲ್ಕನೆಯ ದಿನವೂ ಬರಲಿಲ್ಲ.

ಕುಷ್ಟಗಿಯ ಔಷಧಿ ಅಂಗಡಿಗಳಲ್ಲಿ ಎಲ್ಲರೂ ಗುರುತಿನವರು. ಕೊಪ್ಪಳದಲ್ಲಿ ಪರೀಕ್ಷೆಯ ಕಡ್ಡಿ ಕೊಂಡು ತಂದೆ. ಐದನೆಯ ದಿನ ಬೆಳಗ್ಗೆ ಹಿತ್ತಲ ಬಚ್ಚಲಿನಲ್ಲಿ ನೋಡಿದೆ. ಒಂದೇ ಗೆರೆ. ಹೊರಗೆ ಗಂಡ ಕೊಡ ಹಿಡಿದುಕೊಂಡು ನೀರು ತುಂಬುವವರ ಹಾಗೆ ನಿಂತಿದ್ದರು. ಕೊಡದಲ್ಲಿ ನೀರು ಆಗಲೇ ತುಂಬಿ ಚೆಲ್ಲುತ್ತಿತ್ತು. ಕಡ್ಡಿ ತೋರಿಸಿದೆ. ಬೆಳಕಿಗೆ ಹಿಡಿದು, ತಿರುಗಿಸಿ, "ಇನ್ನೊಂದು ಗೆರಿ ತಡಾ ಆಗಿ ಬರತೈತೇನು?" ಅಂದರು. ಅವರೂ ನಂಬಲಿಲ್ಲ, ನಾನೂ ನಂಬಲಿಲ್ಲ. ಕೆಲಸಕ್ಕೆ ಹೋದೆ.

ಆರನೆಯ ದಿನ, ಬಸ್ಸು ಯಲಬುರ್ಗಾ ನಿಲ್ದಾಣಕ್ಕೆ ಬರುವಾಗ ಕಿಬ್ಬೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಇಳಿದು ಶೌಚಾಲಯಕ್ಕೆ ಓಡಿದೆ. ರಕ್ತ ಕಂಡಿತು. ಗೋಡೆಗೆ ಒರಗಿ ನಿಂತು ಅಳುತ್ತಿದ್ದೆನೋ ನಗುತ್ತಿದ್ದೆನೋ ಹೇಳಲಾರೆ. ಹೊರಗೆ ಡ್ರೈವರ್ ಹಾರ್ನ್ ಬಾರಿಸುತ್ತಲೇ ಇದ್ದ. ಗಂಡನಿಗೆ ಫೋನ್ ಮಾಡಿ "ಬಂತ್ರಿ," ಅಂದೆ. "ಏನರೆ ತಿಂದೀದೇನು?" ಎಂದರು. ಬಸ್ಸು ಹತ್ತಿದಾಗ ಹತ್ತು ನಿಮಿಷ ಕಾಯಿಸಿದ್ದಕ್ಕೆ ಜನ ಬಯ್ದರು. ಮೂರನೆಯ ಸೀಟಿನಿಂದ ನರ್ಸ್ ತಿರುಗಿ ನೋಡಿದರು. ನನ್ನ ಮುಖದಲ್ಲೇ ತಿಳಿದುಕೊಂಡರು. "ಸೋಮವಾರ ಹೊಸಾದು ಹಚ್ಚು. ಮುಟ್ಟು ನಿಂತಿರಲಿ, ಬಿಡಲಿ," ಎಂದಷ್ಟೇ ಅಂದು ಕಿಟಕಿಯ ಕಡೆ ತಿರುಗಿದರು.

ಗಂಗಾವತಿ ಡ್ಯೂಟಿ ಬೇಡವೆಂದು ಬರೆದುಕೊಟ್ಟ ದಿನ ಹಿರಿಯ ಅಕ್ಕನಿಗೆ ಎಲ್ಲ ಹೇಳಿದೆ. ಮೊದಲು ಅವರು ಒಪ್ಪಲಿಲ್ಲ. "ನಿಮ್ಮ ತಂಗಿ ಆಗ ಎಲ್ಲಿದ್ದಳು, ನೆನಪ ಮಾಡ್ಕೋರಿ," ಅಂದೆ. ರೊಟ್ಟಿ ಮುರಿಯುವುದನ್ನು ಬಿಟ್ಟು ಯೋಚಿಸಿದರು. ತಂಗಿ ಆ ಸಲ ಹನುಮಸಾಗರಕ್ಕೆ, ಇವರ ಮನೆಗೇ ಬಂದು ಹನ್ನೆರಡು ದಿನ ಇದ್ದಳಂತೆ. ಗಂಡ ಜೊತೆಯಲ್ಲಿಲ್ಲ, ಹೊಸ ಪ್ಯಾಕೆಟ್ಟು ಯಾಕೆಂದು ಊರಲ್ಲೇ ಬಿಟ್ಟುಬಂದಿದ್ದಳಂತೆ. ಅಕ್ಕನ ಮುಖ ಸಣ್ಣಗಾಯಿತು. "ಎಷ್ಟು ಮಂದಿಗೆ ಹೇಳೀನೋ ನಾ ಇದನ್ನ," ಅಂದರು, ಮತ್ತೆ ಊಟ ಮಾಡಲಿಲ್ಲ.

ಕೆಲಸ ಕಾಯಂ ಆದ ಮೇಲೆ, ರಕ್ತ ಪರೀಕ್ಷೆ ಸರಿಯಿದೆ ಎಂದು ಡಾಕ್ಟರ್ ಹೇಳಿದ ಮೇಲೆ, ನಾವಿಬ್ಬರೂ ಕೂತು ಮಾತಾಡಿ ಗುಳಿಗೆ ನಿಲ್ಲಿಸಿದೆವು. ಎರಡನೆಯವಳು ಕೊಪ್ಪಳದಲ್ಲಿ ಹುಟ್ಟಿದಳು. ರಕ್ತದ ಬಾಟಲಿ ಮೊದಲೇ ತರಿಸಿಟ್ಟಿದ್ದರು, ಬೇಕಾಗಲಿಲ್ಲ. ಅವಳು ಮೊಲೆ ಬಿಟ್ಟ ಮೇಲೆ ಮತ್ತೆ ಗುಳಿಗೆ ಹಚ್ಚಿದ್ದೇನೆ. ಈಗ ಎಲ್ಲ ತಿಳಿದಿದೆ. ಅತ್ತೆಗೂ ಅದು ಯಾತರ ಗುಳಿಗೆ ಎಂದು ಹೇಳಿದ್ದೇನೆ. ಆದರೂ ಆ ಏಳು ದಿನ ಬಂದಾಗ ಬೆರಳು ಮಡಚಿ ಎಣಿಸುತ್ತೇನೆ. ನಾನು ದೂರ ಸರಿಯುವುದಿಲ್ಲ. ಆದರೆ ನಿದ್ದೆ ತಡವಾಗಿ ಬರುತ್ತದೆ, ಬೆಳಗಾದರೆ ಮೊದಲು ಕೈ ಹೋಗುವುದು ಹೊಸ ಪ್ಯಾಕೆಟ್ಟು ಜಾಗದಲ್ಲಿ ಇದೆಯೋ ಇಲ್ಲವೋ ಎಂದು ನೋಡಲು.